ಮೇಣದ ನೆಲದ ಮೇಲೆ ಪಿಸ್ತೂಲು ಪಾಠ

"ಈ ತಿಂಗಳು ನಾನು ಕಡೆಯವನಾಗೋದಿಲ್ಲ. ಬೇಕಾದ್ರೆ ಬರೆದಿಟ್ಕೋ," ಎಂದು ಅನ್ಸೆಲ್ಮೊ ಬೊನ್‌ಫಾಂತಿ ಒಂದು ಸೋಮವಾರ ಬೆಳಿಗ್ಗೆ ಮಾಟೆ ಚಹಾ ಹೀರುತ್ತ ಘೋಷಿಸಿದ.

"ಬರೆದಿಡೋದಕ್ಕೆ ಜಾಗ ಎಲ್ಲಿದೆ ಡುಮ್ಮಾ? ಏಳು ತಿಂಗಳಿಂದ ನೀನು ಹೇಳಿದ್ದೇ ಪುಸ್ತಕ ತುಂಬಿದೆ," ಎಂದಳು ಹೆಂಡತಿ ನೆಲಿದಾ, ಚಹಾದ ಸೋರೆಬುರುಡೆಗೆ ಮತ್ತೆ ಬಿಸಿನೀರು ಹುಯ್ಯುತ್ತ.

ಏಳು ತಿಂಗಳ ಲೆಕ್ಕ ಸುಳ್ಳಲ್ಲ. ಊರ ಹೊರಗೆ, ಸೋಯಾ ಹೊಲಗಳ ನಡುವೆ ಇರುವ ಶೂಟಿಂಗ್ ಕ್ಲಬ್ಬಿನಲ್ಲಿ ಪ್ರತಿ ತಿಂಗಳ ಕೊನೆಯ ಭಾನುವಾರ ಪಿಸ್ತೂಲಿನ ಪಂದ್ಯ. ನಿಂತಲ್ಲೇ ನಿಂತು ಒಂದು ಕಣ್ಣು ಮುಚ್ಚಿ ಹೊಡೆಯುವ ಸಾವಧಾನದ ಪಂದ್ಯವಲ್ಲ ಅದು. ಸೊಂಟದಿಂದ ಪಿಸ್ತೂಲು ತೆಗೆಯಬೇಕು, ಓಡಬೇಕು, ಮರದ ಚೌಕಟ್ಟಿನ ಬಾಗಿಲುಗಳಲ್ಲಿ ನುಗ್ಗಬೇಕು, ರಟ್ಟಿನ ಗುರಿಗೆ ಎರಡೆರಡು ಗುಂಡು ಹಾಕಬೇಕು, ಕಬ್ಬಿಣದ ತಟ್ಟೆಗಳನ್ನು ಉರುಳಿಸಬೇಕು, ನಡುವೆ ಗುಂಡಿನ ಮ್ಯಾಗಜೀನ್ ಬದಲಾಯಿಸಬೇಕು. ಬಂದ ಅಂಕಗಳನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಚೆನ್ನಾಗಿ ಹೊಡೆದು ನಿಧಾನ ಮಾಡಿದವನೂ ಮುಳುಗಿದ, ಬೇಗ ಓಡಿ ತಪ್ಪು ಹೊಡೆದವನೂ ಮುಳುಗಿದ. ಅನ್ಸೆಲ್ಮೊ ನಿಧಾನವಾಗಿ ಓಡಿ ತಪ್ಪು ಹೊಡೆಯುತ್ತಿದ್ದ.

ಸ್ಪರ್ಧಿಗಳು ಹದಿಮೂರು ಮಂದಿ. ಪಂದ್ಯ ಮುಗಿದ ಮೇಲೆ ಕೆಂಡದ ಮೇಲೆ ಪಕ್ಕೆಲುಬು, ಸಾಸೇಜು ಸುಡುವ ಅಸಾದೊ ಊಟ. ಊಟ ಮುಗಿದ ಮೇಲೆ, ಹದಿಮೂರನೆಯ ಸ್ಥಾನ ಬಂದವನು ಆ ಸುಡುವ ಜಾಲರಿಯನ್ನು ತೊಳೆಯಬೇಕು. ಇದು ಕ್ಲಬ್ಬಿನ ಅಜ್ಜಂದಿರ ಕಾಲದ ನಿಯಮ. ಜಾಲರಿಯೆಂದರೆ ಮಂಚದಷ್ಟು ಅಗಲದ ಕಬ್ಬಿಣ. ಅದರ ಮೇಲಿನ ಕೊಬ್ಬು ಉಕ್ಕಿನ ಬ್ರಷ್ಷಿಗೂ ಜಗ್ಗದ ಜಾತಿಯದು. ಏಳು ಭಾನುವಾರ ಅದನ್ನು ಅನ್ಸೆಲ್ಮೊನೇ ತಿಕ್ಕಿದ್ದ. ಹನ್ನೆರಡನೆಯ ಸ್ಥಾನವನ್ನು ಕಾಯಂ ಮಾಡಿಕೊಂಡಿದ್ದ ದನದ ಡಾಕ್ಟರು ಬೌದಿಲಿಯೊ, ಎಂಟನೆಯ ಸಲವೂ ಇವನೇ ತೊಳೆದರೆ ನೀರಿನ ತೊಟ್ಟಿಗೆ "ಅನ್ಸೆಲ್ಮೊ ಬೊನ್‌ಫಾಂತಿ ಸ್ಮಾರಕ" ಎಂದು ಹಿತ್ತಾಳೆ ಫಲಕ ಹಾಕಿಸೋಣ ಎಂದು ಸಭೆಯಲ್ಲಿ ಸೂಚಿಸಿದ್ದ. ಸೂಚನೆಗೆ ಅನುಮೋದನೆಯೂ ಸಿಕ್ಕಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಸರಿಯಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಅನ್ಸೆಲ್ಮೊನದು ಊರಿನ ಏಕೈಕ ಕನ್ನಡಕದ ಅಂಗಡಿ. ಆ ನೆಪ ಹೇಳಿದರೆ ವ್ಯಾಪಾರ ಕೆಡುತ್ತದೆ.

ಆದ್ದರಿಂದ ಆತ ನೇರವಾಗಿ ಎರ್ಸಿಲಿಯಾ ಟೀಚರ್ ಹತ್ತಿರ ಹೋದ. ಈಕೆ ನಿವೃತ್ತ ಶಾಲಾ ಶಿಕ್ಷಕಿ; ಪಂದ್ಯದ ಮುಖ್ಯ ತೀರ್ಪುಗಾರ್ತಿ. ಸ್ಪರ್ಧಿಗಳಲ್ಲಿ ಅರ್ಧ ಮಂದಿಗೆ ಮಗ್ಗಿ ಕಲಿಸಿದವಳು. ಈಗಲೂ ಅವರು ಗುರಿ ತಪ್ಪಿದಾಗ ಮಗ್ಗಿ ತಪ್ಪಿದವರನ್ನು ನೋಡುವಂತೆಯೇ ನೋಡುತ್ತಾಳೆ. ಆಕೆ ಕೊಟ್ಟ ಔಷಧಿ ಬಹಳ ಸರಳವಾಗಿತ್ತು. ದಿನಕ್ಕೆ ಅರ್ಧ ಗಂಟೆ, ಮನೆಯಲ್ಲಿ, ಖಾಲಿ ಪಿಸ್ತೂಲಿನಿಂದ ಅಭ್ಯಾಸ. ಗುಂಡುಗಳು ಬೇರೆ ಕೋಣೆಯಲ್ಲಿ ಬೀಗದೊಳಗೆ. ಗೋಡೆಗೆ ಚಿಕ್ಕ ರಟ್ಟಿನ ಗುರಿ ಅಂಟಿಸಿ, ತೆಗೆ, ಗುರಿಯಿಡು, ನಡೆ, ಮ್ಯಾಗಜೀನ್ ಬದಲಿಸು, ಮತ್ತೆ ತೆಗೆ.

"ಮೈಗೆ ಕಲಿಸು ಅನ್ಸೆಲ್ಮೊ, ತಲೆಗಲ್ಲ," ಎಂದಳು ಟೀಚರ್. "ಪಂದ್ಯದಲ್ಲಿ ತಲೆ ಕೆಲಸ ಮಾಡಲ್ಲ. ನಿನ್ನ ತಲೆ ಅಂತೂ ನಾಲ್ಕನೇ ಕ್ಲಾಸಲ್ಲೂ ಮಾಡ್ತಿರ್ಲಿಲ್ಲ. ಮನೇಲಿ ಮೈ ಏನು ಕಲಿಯುತ್ತೋ ಇಲ್ಲಿ ಅದನ್ನೇ ಮಾಡುತ್ತೆ."

ಇದಕ್ಕಿಂತ ಸತ್ಯವಾದ ಮಾತನ್ನು ಆ ಊರಿನಲ್ಲಿ ಯಾರೂ ಆಡಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಬೊನ್‌ಫಾಂತಿ ಮನೆಯಲ್ಲಿ ಅಭ್ಯಾಸಕ್ಕೆ ಸಾಕಷ್ಟು ಉದ್ದವಿದ್ದದ್ದು ನಡುಮನೆ ಒಂದೇ. ಅದರ ನೆಲ ಮರದ್ದು. ನೆಲಿದಾ ಪ್ರತಿ ಶುಕ್ರವಾರ ಅದಕ್ಕೆ ಮೇಣ ಹಚ್ಚಿ, ಒಣಗಿಸಿ, ಉಜ್ಜಿ, ಮುಖ ನೋಡಿಕೊಳ್ಳುವಷ್ಟು ಹೊಳಪು ತರುತ್ತಿದ್ದಳು. ಅವಳ ತಾಯಿ ಹಾಗೇ ಮಾಡುತ್ತಿದ್ದಳು, ತಾಯಿಯ ತಾಯಿಯೂ. ಬಾಗಿಲಲ್ಲಿ ಉಣ್ಣೆಬಟ್ಟೆಯ ದಪ್ಪ ತುಂಡುಗಳು ಎರಡೆರಡು ಜೊತೆಯಾಗಿ ಕಾದಿರುತ್ತಿದ್ದವು. ಒಳಗೆ ಬರುವವರು ಯಾರೇ ಆಗಲಿ, ಪಾದ್ರಿಯಾದರೂ ಸರಿ, ಆ ಜಾರುಬಟ್ಟೆಗಳ ಮೇಲೆ ಶೂ ಸಮೇತ ನಿಂತು, ಪಾದ ಎತ್ತದೆ, ಸರ್ ಸರ್ ಎಂದು ಜಾರಿಕೊಂಡೇ ಹೋಗಬೇಕು. ಬರುವವರ ನಡಿಗೆಯಿಂದಲೇ ನೆಲ ಇನ್ನಷ್ಟು ಹೊಳೆಯುತ್ತದೆ. ಅತಿಥಿಗಳಿಂದ ಇಷ್ಟು ಕೆಲಸ ತೆಗೆಯುವ ವ್ಯವಸ್ಥೆ ಇನ್ನೊಂದಿಲ್ಲ.

"ಪಿಸ್ತೂಲು ಹಿಡ್ಕೊಂಡು ಓಡ್ಬೇಕು ಕಣೇ. ಜಾರಿಕೊಂಡು ಹೋಗೋದಲ್ಲ," ಎಂದು ಅನ್ಸೆಲ್ಮೊ ವಾದಿಸಿ ನೋಡಿದ.

"ಹೊಲದಲ್ಲಿ ಓಡು. ಯಾರು ಬೇಡ ಅಂದ್ರು?"

ಜುಲೈ ತಿಂಗಳು, ಆ ದೇಶದಲ್ಲಿ ನಡುಚಳಿಗಾಲ. ಹೊರಗೆ ಮಂಜು ಬಿದ್ದು ಹೊಲದ ನೆಲ ಕಲ್ಲಾಗಿತ್ತು. ಅನ್ಸೆಲ್ಮೊ ಜಾರುಬಟ್ಟೆಯ ಮೇಲೆ ನಿಂತ.

ಮೊದಲ ದಿನವೇ ಎರಡನೆಯ ಕಾಯಿದೆ ಬಂತು. ಖಾಲಿ ಮ್ಯಾಗಜೀನ್ ಕೈಯಿಂದ ನೆಲಕ್ಕೆ ಬಿಟ್ಟು ಹೊಸದನ್ನು ತುರುಕುವುದು ಆಟದ ಪದ್ಧತಿ. ಮೊದಲ ಮ್ಯಾಗಜೀನ್ ಬಿದ್ದಾಗ ಮರದಲ್ಲಿ ಅಕ್ಕಿಕಾಳಿನಷ್ಟು ತಗ್ಗಾಯಿತು. ನೆಲಿದಾ ಮೊಣಕಾಲೂರಿ ಆ ತಗ್ಗನ್ನು ಬೆರಳಿನಿಂದ ಸವರಿದ ರೀತಿಯನ್ನು ಅನ್ಸೆಲ್ಮೊ ನೋಡಿದ. ಅಂದಿನಿಂದ ಖಾಲಿ ಮ್ಯಾಗಜೀನನ್ನು ಎಡಗೈಯಿಂದ ತೆಗೆದು, ಎಡಗಡೆಯ ಸೋಫಾದ ಮೆತ್ತೆಯ ಮೇಲೆ ಮೊಟ್ಟೆ ಇಟ್ಟ ಹಾಗೆ ಇಡತೊಡಗಿದ.

ಮೂರನೆಯದು ಶಬ್ದದ ವಿಷಯ. ಅಂಗಡಿ ಮುಚ್ಚಿರುವ ಮಧ್ಯಾಹ್ನದ ಹೊತ್ತಿನಲ್ಲೇ ಆತನಿಗೆ ಬಿಡುವು. ಇಡೀ ಊರು ಮಲಗುವುದೂ ಆಗಲೇ. ಆರಂಭದ ಸೂಚನೆಗೆ ಪೀಂ ಎನ್ನುವ ಟೈಮರ್ ಯಂತ್ರ ಒಂದೇ ಸಲ ಕೂಗಿದ್ದು. ನೆಲಿದಾ ಕೋಣೆಯಿಂದ ಎದ್ದು ಬಂದು, ಅದರ ಬ್ಯಾಟರಿ ತೆಗೆದುಕೊಂಡು ಹೋಗಿ ಮತ್ತೆ ಮಲಗಿದಳು. ಆಮೇಲೆ ಅನ್ಸೆಲ್ಮೊ ತಾನೇ ಮೆಲ್ಲಗೆ, ತುಟಿಯಂಚಿನಲ್ಲಿ "ಪೀಂ" ಎಂದುಕೊಂಡು ಪಿಸ್ತೂಲು ತೆಗೆಯುವ ವ್ಯವಸ್ಥೆ ಮಾಡಿಕೊಂಡ.

ಹೀಗೆ ನಾಲ್ಕು ವಾರ. ನೆಲಿದಾ ಮಲಗಿದ್ದಾಗ, ಪೇಟೆಗೆ ಹೋಗಿದ್ದಾಗ, ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದಾಗಲೂ ಒಂದು ದಿನ ತಪ್ಪಿಸಲಿಲ್ಲ. ಮೊದಮೊದಲು ಕೈ ಸೊಂಟದಲ್ಲೇ ತಡಕಾಡುತ್ತಿತ್ತು. ಎರಡನೆಯ ವಾರಕ್ಕೆ ಪಿಸ್ತೂಲು ತಾನಾಗಿಯೇ ಕಣ್ಣಿನ ಮುಂದೆ ಬಂದು ನಿಲ್ಲತೊಡಗಿತು. ಮೂರನೆಯ ವಾರಕ್ಕೆ ನಳಿಗೆಯ ತುದಿಯ ಗುರಿಮೊನೆ ರಟ್ಟಿನ ನಡುವೆ ಅಲುಗದೆ ಕೂತಿತು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗೆ ಚೌಕಟ್ಟು ತೋರಿಸುವಾಗಲೂ ಎರಡೂ ಕೈ ಮುಂದೆ ಚಾಚಿ ಗುರಿ ಹಿಡಿದೇ ತೋರಿಸುತ್ತಿದ್ದ.

ಪಂದ್ಯದ ಹಿಂದಿನ ದಿನ ನೆಲಿದಾ ತಾನೂ ಬೆಳಿಗ್ಗೆಯಿಂದಲೇ ಬರುವುದಾಗಿ ಹೇಳಿದಳು. ಸಾಮಾನ್ಯವಾಗಿ ಹೆಂಗಸರು ಊಟದ ಹೊತ್ತಿಗೆ ಸಲಾಡ್ ಬೋಗುಣಿ ಹಿಡಿದು ಬರುವುದು ವಾಡಿಕೆ. ಪಂದ್ಯ ಅವಳು ನೋಡಿದ್ದೇ ಇಲ್ಲ.

"ಇಷ್ಟು ದಿನ ನನ್ನ ನಡುಮನೇಲಿ ಆಗಿದ್ದೇನು ಅಂತ ನಾನೂ ನೋಡ್ಬೇಕಲ್ಲ," ಎಂದಳು.

"ಬಾ. ನೋಡು. ಹೆಮ್ಮೆ ಪಡ್ತೀಯ," ಎಂದ ಅನ್ಸೆಲ್ಮೊ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಮೂರೂ ಕಡೆ ಮಣ್ಣಿನ ದಿಬ್ಬ, ನಡುವೆ ಇಟ್ಟಿಗೆ ಚೂರು ಹರಡಿದ ಅಂಗಳ, ಎರಡು ಬಾಗಿಲು, ಹತ್ತು ರಟ್ಟಿನ ಗುರಿ, ನಾಲ್ಕು ಕಬ್ಬಿಣದ ತಟ್ಟೆ. ಹಿಂದಿನ ಗೆರೆಯಾಚೆ ಕಿವಿಮುಚ್ಚಳ ಹಾಕಿಕೊಂಡ ನೆಲಿದಾ, ಪಕ್ಕದಲ್ಲಿ ಅವಳ ಜೊತೆಗೆಂದು ಅಂದು ಬೇಗ ಬಂದಿದ್ದ ಬೌದಿಲಿಯೊನ ಹೆಂಡತಿ ಇರ್ಮಾ, ಇನ್ನೂ ಮೂವರು ಸ್ಪರ್ಧಿಗಳ ಹೆಂಡತಿಯರು. ಬೌದಿಲಿಯೊ ಮೂವತ್ತೊಂದು ಸೆಕೆಂಡಿಗೆ ಮುಗಿಸಿ, ನಾಲ್ಕು ಗುಂಡು ದಿಬ್ಬಕ್ಕೆ ದಾನ ಮಾಡಿ ಬಂದಿದ್ದ. ಇವನನ್ನು ಹಿಂದಿಕ್ಕುವುದು ಕಷ್ಟವಲ್ಲ ಎಂದು ಅನ್ಸೆಲ್ಮೊ ಲೆಕ್ಕ ಹಾಕಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಎರ್ಸಿಲಿಯಾ ಟೀಚರ್ ಟೈಮರ್ ಹಿಡಿದು ಅವನ ಎಡ ಹೆಗಲಿನ ಹಿಂದೆ ನಿಂತಳು. ಸಿದ್ಧವೇ ಎಂದು ಕೇಳಿದಳು. ಯಂತ್ರ ಪೀಂ ಎಂದು ಕಿರುಚಿತು.

ಅನ್ಸೆಲ್ಮೊ ಕದಲಲಿಲ್ಲ. ನೇರ ಮುಂದೆ ನೋಡುತ್ತ ನಿಂತ. ಎರಡು ಸೆಕೆಂಡು ಕಳೆದವು. ಆಮೇಲೆ ತುಟಿಯಂಚಿನಲ್ಲಿ, ಮಲಗಿದವರಿಗೆ ಎಚ್ಚರವಾಗದ ಹಾಗೆ, "ಪೀಂ" ಎಂದ. ಪಿಸ್ತೂಲು ಮಿಂಚಿನಂತೆ ಹೊರಬಂತು.

ಮೊದಲ ಮೂರು ಗುರಿಗಳಿಗೆ ಆರು ಗುಂಡು, ಆರೂ ನಟ್ಟನಡುವೆ. ಹಿಂದೆ ನಿಂತವರು ಪರವಾಗಿಲ್ಲವೇ ಎಂದು ತಲೆದೂಗಿದರು. ಆಗ ಓಡುವ ಸರದಿ ಬಂತು. ಅನ್ಸೆಲ್ಮೊ ಪಿಸ್ತೂಲನ್ನು ದಿಬ್ಬದ ಕಡೆಗೇ ಹಿಡಿದು, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ನಿಯಮದಲ್ಲಿ ಒಂದಿಷ್ಟೂ ಲೋಪವಿಲ್ಲದಂತೆ, ಪಾದ ಎತ್ತದೆ ಜಾರತೊಡಗಿದ. ಮೇಣದ ಮೇಲೆ ಜಾರುವುದು ಬೇರೆ, ಇಟ್ಟಿಗೆ ಚೂರಿನ ಮೇಲೆ ಜಾರುವುದು ಬೇರೆ. ಸರ್ ಸರ್ ಎನ್ನಬೇಕಾದದ್ದು ಗರ ಗರ ಎಂದಿತು. ಎಡಗಾಲು ಒಂದು ರಾಶಿ ಚೂರು ತಳ್ಳಿತು, ಬಲಗಾಲು ಇನ್ನೊಂದು ರಾಶಿ ತಳ್ಳಿತು. ಎಂಟು ಮೀಟರ್ ದಾರಿಗೆ ಹದಿಮೂರು ಸೆಕೆಂಡು ಹಿಡಿಯಿತು. ಅವನ ಹಿಂದೆ ಜೋಡಿ ನೇಗಿಲ ಸಾಲು ಮೂಡಿತ್ತು, ಬಿತ್ತನೆ ಮಾಡಬಹುದಿತ್ತು.

ಓಡು ಎಂದು ತಲೆ ಕೂಗುತ್ತಲೇ ಇತ್ತು. ಕಾಲಿಗೆ ಕೇಳಿಸಲಿಲ್ಲ.

ಮೊದಲ ಬಾಗಿಲಲ್ಲಿ ಮತ್ತೆ ನಾಲ್ಕು ಗುರಿ, ಎಂಟು ಗುಂಡು, ಎಂಟೂ ನಡುವೆ. ಮ್ಯಾಗಜೀನ್ ಖಾಲಿಯಾಯಿತು. ಅನ್ಸೆಲ್ಮೊನ ಎಡಗೈ ಅದನ್ನು ತೆಗೆದು ಎಡಗಡೆಗೆ ಚಾಚಿತು. ಸೋಫಾ ಸಿಗಲಿಲ್ಲ. ಕೈ ಇನ್ನಷ್ಟು ಕೆಳಗೆ ಹೋಯಿತು, ಹಿಂದಕ್ಕೆ ಹೋಯಿತು, ಗಾಳಿಯಲ್ಲಿ ಮೆತ್ತೆಯನ್ನು ಹುಡುಕಿತು. ಕೊನೆಗೆ ಎರ್ಸಿಲಿಯಾ ಟೀಚರ್ ಕೈಗೆ ತಗುಲಿತು. ಅನ್ಸೆಲ್ಮೊ ಖಾಲಿ ಮ್ಯಾಗಜೀನನ್ನು ಆಕೆಯ ಅಂಗೈಯಲ್ಲಿ ಮೊಟ್ಟೆಯಂತೆ ಇಟ್ಟ. ಇಪ್ಪತ್ತು ವರ್ಷದಿಂದ ತೀರ್ಪುಗಾರ್ತಿಯಾಗಿದ್ದ ಟೀಚರ್‌ಗೆ ಇಂಥ ಸಂದರ್ಭಕ್ಕೆ ನಿಯಮಪುಸ್ತಕದಲ್ಲಿ ಏನಿದೆ ಎಂದು ನೆನಪಾಗಲಿಲ್ಲ. ಇಟ್ಟುಕೊಂಡಳು.

ಎರಡನೆಯ ಬಾಗಿಲಿಗೆ ಮತ್ತೆ ನೇಗಿಲು. ಕೊನೆಯ ಕಬ್ಬಿಣದ ತಟ್ಟೆ ಉರುಳಿದಾಗ ಟೈಮರ್ ಅರವತ್ತೆಂಟು ಸೆಕೆಂಡು ತೋರಿಸಿತು.

ಟೀಚರ್ ಕಾರ್ಯವಿಧಿಯಂತೆ ಪಿಸ್ತೂಲು ಖಾಲಿಯೆಂದು ಪರೀಕ್ಷಿಸಿ, ಒರೆಗೆ ಹಾಕಿಸಿ, ಆಮೇಲೆ ಮ್ಯಾಗಜೀನ್ ಹಿಂತಿರುಗಿಸಿದಳು. "ನಾನು ಮನೇಲಿ ಅಭ್ಯಾಸ ಮಾಡು ಅಂದೆ," ಎಂದಳು. "ಮನೇನೇ ಹೊತ್ಕೊಂಡು ಬಾ ಅನ್ಲಿಲ್ಲ."

ಫಲಿತಾಂಶ ಓದುವಾಗ ಆಕೆ ಇನ್ನೊಂದು ವಿಷಯವನ್ನೂ ಹೇಳಬೇಕಾಯಿತು. ಆ ದಿನ ಒಂದೂ ಗುಂಡು ತಪ್ಪದೆ, ಎಲ್ಲವನ್ನೂ ನಡುವೆಯೇ ಹೊಡೆದವನು ಅನ್ಸೆಲ್ಮೊ ಒಬ್ಬನೇ. ಹದಿಮೂರು ಮಂದಿಯಲ್ಲಿ ಅತಿ ಹೆಚ್ಚು ಅಂಕ ಅವನವು. ಅವನ್ನು ಅರವತ್ತೆಂಟರಿಂದ ಭಾಗಿಸಿದಾಗ ಸ್ಥಾನ ಹದಿಮೂರನೆಯದು. ಬೌದಿಲಿಯೊ ಎದ್ದು ಹೋಗಿ ಫಲಕಕ್ಕೆಂದು ತೊಟ್ಟಿಯ ಅಳತೆ ತೆಗೆದುಕೊಂಡ.

ಊಟದ ಮೇಲೆ ಅನ್ಸೆಲ್ಮೊ ಜಾಲರಿ ತಿಕ್ಕುತ್ತಿದ್ದಾಗ ನೆಲಿದಾ ಹತ್ತಿರ ಬಂದು ನಿಂತಳು. ಆತ ತಲೆ ಎತ್ತಲಿಲ್ಲ. ಮುಂದೆ ಬರಲಿರುವುದನ್ನು ಬಾಗಿದ ಬೆನ್ನಿನ ಮೇಲೆಯೇ ತೆಗೆದುಕೊಳ್ಳುವುದೆಂದು ನಿರ್ಧರಿಸಿದ್ದ.

"ಒಂದು ಕೇಳ್ತೀನಿ, ನಿಜ ಹೇಳು," ಎಂದಳು ನೆಲಿದಾ. "ನಾನು ತಂಗಿ ಮನೆಗೆ ಹೋಗಿದ್ನಲ್ಲ, ಆಗಲೂ ಬಟ್ಟೆ ಮೇಲೇ ನಿಂತ್ಕೊಂಡು ಮಾಡ್ದೆಯಾ?"

"ಮತ್ತೆ? ನೆಲ ಹಾಳಾಗಲ್ವಾ?"

"ಮದುವೆಯಾಗಿ ಮೂವತ್ತೊಂದು ವರ್ಷ," ಎಂದಳು ನೆಲಿದಾ. "ನಾನು ಬಾಗಿಲು ದಾಟಿದ ತಕ್ಷಣ ನೀನು ಶೂ ಹಾಕ್ಕೊಂಡು ಧಡಧಡ ಓಡಾಡ್ತೀಯ ಅಂತಲೇ ಅಂದ್ಕೊಂಡಿದ್ದೆ." ಅವಳ ಕಣ್ಣು ತೇವವಾಗಿತ್ತು. ಹೊಗೆಗೂ ಆಗಿರಬಹುದು.

ಇದನ್ನೆಲ್ಲ ಸಲಾಡ್ ಬೋಗುಣಿ ಹಿಡಿದು ನಿಂತಿದ್ದ ಇರ್ಮಾ ಮತ್ತು ಆ ಮೂವರು ಕೇಳಿಸಿಕೊಂಡರು. ಗಂಡ ಯಾರೂ ನೋಡದಾಗಲೂ ಹೆಂಡತಿಯ ಮಾತು ನಡೆಸುತ್ತಾನೆ ಎಂಬುದಕ್ಕೆ ಇಷ್ಟು ಜನರೆದುರು ಸಾಕ್ಷಿ ಸಿಕ್ಕ ಪ್ರಕರಣ ಆ ಜಿಲ್ಲೆಯಲ್ಲೇ ಮೊದಲನೆಯದು. ಅವರು ನೆಲಿದಾಳನ್ನು ಮರದ ಕೆಳಗೆ ಕರೆದೊಯ್ದು ಕೂರಿಸಿದರು. ಉಣ್ಣೆಬಟ್ಟೆ ಎಷ್ಟು ದಪ್ಪ ಇರಬೇಕು, ಮೇಣ ಯಾವ ಅಂಗಡಿಯದು, ಮಧ್ಯಾಹ್ನ ಬ್ಯಾಟರಿ ತೆಗೆದಾಗ ಗಂಡ ಎದುರಾಡಲಿಲ್ಲವೇ ಎಂಬ ಪ್ರಶ್ನೋತ್ತರ ಸಂಜೆಯವರೆಗೆ ನಡೆಯಿತು. ಇರ್ಮಾ ಬೋಗುಣಿಗೆ ಮುಚ್ಚಿದ್ದ ಕಾಗದದ ಮೇಲೆ ಬರೆದುಕೊಂಡಳು.

ಅತ್ತ ಗಂಡಸರಿಗೆ ಬೇರೆ ಚಿಂತೆ ಹತ್ತಿತ್ತು. ಅನ್ಸೆಲ್ಮೊನಂಥವನು ಒಂದೂ ಗುಂಡು ತಪ್ಪದೆ ಹೊಡೆದದ್ದು ಹೇಗೆ? ಕಾಲಿನ ವಿಷಯ ಬಿಡು, ಕೈ ನೋಡು ಎಂದುಕೊಂಡರು. ಮಾರನೆಯ ದಿನದಿಂದಲೇ ನಾಲ್ಕು ಮನೆಗಳ ನಡುಮನೆಗಳಲ್ಲಿ ಗೋಡೆಗೆ ಚಿಕ್ಕ ರಟ್ಟು ಅಂಟಿತು. ನಾಲ್ಕೂ ಮನೆಗಳ ಬಾಗಿಲಲ್ಲಿ, ಅದೇ ವಾರ ಹೊಲಿದ ಜಾರುಬಟ್ಟೆಗಳು ಕಾದಿದ್ದವು. ಬೌದಿಲಿಯೊ ಮಾತ್ರ ಅಂಗಡಿಗೆ ಬಂದು ಹೇಳಿ ಹೋದ, "ನಾನು ನಿನ್ನ ಹಾಗಲ್ಲಪ್ಪ. ಎಲ್ಲಿ ಜಾರಬೇಕು, ಎಲ್ಲಿ ಓಡಬೇಕು ಅಂತ ನನಗೆ ಗೊತ್ತಿದೆ."

ಆಗಸ್ಟ್ ಪಂದ್ಯದಲ್ಲಿ ಟೈಮರ್ ಕೂಗಿತು. ಬೌದಿಲಿಯೊ ಎರಡು ಸೆಕೆಂಡು ನಿಂತು, ಮೆಲ್ಲಗೆ "ಪೀಂ" ಎಂದ.

ಅವನ ನಂತರ ಇನ್ನೂ ಮೂವರು ಅಂದರು. ನಾಲ್ವರೂ ಅಂಗಳವನ್ನು ಉತ್ತರು. ಎರ್ಸಿಲಿಯಾ ಟೀಚರ್ ಮೂರನೆಯವನ ಹೊತ್ತಿಗೆ ಕೇಳುವ ಮೊದಲೇ ಅಂಗೈ ಚಾಚಿ ನಿಂತಿದ್ದಳು. ಅನ್ಸೆಲ್ಮೊ ಕೂಡ ಜಾರಿದ. ಕಾಲು ಕಲಿತದ್ದು ಅಷ್ಟು ಬೇಗ ಬಿಡುವುದಿಲ್ಲ. ಆದರೆ ಅವನಿಗೆ ಇಟ್ಟಿಗೆ ಚೂರಿನ ಮೇಲೆ ಒಂದು ತಿಂಗಳ ಹೆಚ್ಚಿನ ಅನುಭವವಿತ್ತು. ಜಾರುವವರ ಪೈಕಿ ಅವನಷ್ಟು ವೇಗದವನು ಇರಲಿಲ್ಲ.

ಟೀಚರ್ ಕೆಳಗಿನಿಂದ ಮೇಲಕ್ಕೆ ಓದಿದಳು. ಹದಿಮೂರನೆಯ ಸ್ಥಾನ ಬೌದಿಲಿಯೊ. ಹನ್ನೆರಡು, ಹನ್ನೊಂದು, ಹತ್ತು ಉಳಿದ ಮೂವರು. "ಒಂಬತ್ತು, ಅನ್ಸೆಲ್ಮೊ ಬೊನ್‌ಫಾಂತಿ."

ಹೆಂಗಸರ ಮೇಜಿನಿಂದ ಜೋರು ಚಪ್ಪಾಳೆ ಎದ್ದಿತು. ಎಂಟು ತಿಂಗಳಾದ ಮೇಲೆ ಮೊದಲ ಸಲ ಜಾಲರಿ ಬೇರೆಯವನ ಪಾಲಾಗಿತ್ತು. ಅನ್ಸೆಲ್ಮೊ ಎದ್ದು ನಿಂತ. ಎದೆಯ ಮೇಲೆ ಕೈಯಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಬಾಗಿಸಿದ. ಶಿಸ್ತು, ಸಾಧನೆ, ಏಕಾಗ್ರತೆ ಎಂದು ನಾಲ್ಕು ಮಾತು ಆಡಲು ಗಂಟಲು ಸರಿಮಾಡಿಕೊಂಡ. ಆಗ ಗಮನಿಸಿದ. ಚಪ್ಪಾಳೆ ತಟ್ಟುತ್ತಿದ್ದ ಒಬ್ಬಳೂ ಅವನ ಕಡೆ ನೋಡುತ್ತಿರಲಿಲ್ಲ. ಇರ್ಮಾ ಮೊದಲಾಗಿ ಎಲ್ಲರೂ ಅವನ ಪಕ್ಕಕ್ಕೆ ತಿರುಗಿದ್ದರು. ಅಲ್ಲಿ ನೆಲಿದಾ ಆಗಲೇ ಎದ್ದು, ವಿನಯದಿಂದ ಎರಡೂ ಕೈ ಎತ್ತಿ ಸಾಕು ಸಾಕು ಎನ್ನುತ್ತಿದ್ದಳು.

ಗಂಡ ಇನ್ನೂ ನಿಂತೇ ಇರುವುದನ್ನು ಕಂಡು ಅವಳು ಅವನ ಅಂಗಿಯ ತುದಿ ಮೆಲ್ಲಗೆ ಜಗ್ಗಿದಳು.

"ಕೂತ್ಕೋ ಡುಮ್ಮಾ," ಎಂದಳು. "ಇದು ನನಗೆ."