ಬಾಬಾಗಾಡಿಯ ಮುಂದೆ ನಮ್ಮತ್ತೆ

ನಮ್ಮ ಸೋದರತ್ತೆ ಹಾವಿಗೆ ಹೆದರುವವಳಲ್ಲ. ಕೋಲಿನ ತುದಿಯಲ್ಲಿ ಎತ್ತಿ ಬೇಲಿಯಾಚೆ ಒಗೆದು ಬಂದು, ಅರ್ಧಕ್ಕೆ ಬಿಟ್ಟ ಚಹಾ ಮುಗಿಸಿದವಳು. ತಹಸೀಲ್ದಾರರ ಮುಂದೆ ತಾನೇ ಕುರ್ಚಿ ಎಳೆದುಕೊಂಡು ಕೂತವಳು. ಅಂಥವಳು ಈ ಜಗತ್ತಿನಲ್ಲಿ ಹೆದರುವುದು ಒಂದಕ್ಕೇ. ಗಾಲಿಗೆ! ದುಂಡಗೆ ಉರುಳುತ್ತ, ಯಾರ ಕೇಡನ್ನೂ ಬಯಸದ ಬಡಪಾಯಿ ಗಾಲಿಗೆ.

ಒಮ್ಮೆ ಬೀದರಿನ ಬಸ್‌ ನಿಲ್ದಾಣದ ಹತ್ತಿರ ಆಟೊ ಹತ್ತಿದೆವು. ಅತ್ತೆ ಎರಡೂ ಕೈಯಿಂದ ಸರಳು ಹಿಡಿದು, "ಸಾವಕಾಶ ಹೋಗಪ್ಪ, ನಮಗ ಯಾವ ಮದವಿಗೂ ತಡ ಆಗಿಲ್ಲ" ಎಂದಳು. ಡ್ರೈವರ್ ತಿರುಗಿ ನೋಡಿ, "ಅಮ್ಮಾ, ಗಾಡಿ ಇನ್ನಾ ಚಾಲೂನೇ ಮಾಡಿಲ್ರಿ" ಎಂದ.

ಬಹಳ ಹೆದರಿದಾಗ ಅವಳು ದೇವರನ್ನು ನೆನೆಯುವುದಿಲ್ಲ, ನನ್ನ ಗದ್ದ ಹಿಡಿಯುತ್ತಾಳೆ. ಗದ್ದದ ಕೆಳಗೆ ನನಗೊಂದು ಹಳೆಯ ಗಾಯದ ಕಲೆಯಿದೆ. ಸಣ್ಣವಳಿದ್ದಾಗ ಮನೆಯ ಕಟ್ಟೆಯಿಂದ ಬಿದ್ದದ್ದಂತೆ. ಅತ್ತೆಯ ಹೆಬ್ಬೆರಳು ನೇರ ಅಲ್ಲಿಗೇ ಹೋಗುತ್ತದೆ. ನನ್ನನ್ನು ಸಾಕಿದವಳು, ಗದ್ದ ಅವಳದೇ ಎಂದು ಬಿಟ್ಟುಬಿಟ್ಟಿದ್ದೇನೆ.

ಆ ವರ್ಷ ಮಳೆ ನಮ್ಮ ಕಡೆ ತಲೆ ಹಾಕಿರಲಿಲ್ಲ. ನಾವಿರುವ ಬೀದರಿನಲ್ಲಿ ನಲ್ಲಿ ಹತ್ತು ದಿನಕ್ಕೊಮ್ಮೆ ಬರುತ್ತಿತ್ತು. ಅತ್ತೆಯ ಊರಾದ ಠಾಣಾ ಕುಶನೂರಿನಲ್ಲಿ ಅರ್ಧ ಓಣಿ ಬೀಗ ಹಾಕಿಕೊಂಡು ಪುಣೆ, ಹೈದರಾಬಾದಿಗೆ ಹೋಗಿತ್ತು. ನಾನು ಸಾಲಿಯ ಮಾಸ್ತರಿಣಿ. ಒಂದೂವರೆ ವರ್ಷದ ನನ್ನ ಮಗಳನ್ನು ನೋಡಿಕೊಳ್ಳಲು ಅತ್ತೆ ನಮ್ಮಲ್ಲಿಗೆ ಬಂದಳು. ಅಷ್ಟರಲ್ಲಿ ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿರುವ ನನ್ನ ಗಂಡನಿಗೆ ಒಂದು ಬಹುಮಾನ ಬಂತು. ಮುಂಬಯಿಯಿಂದ ಹಡಗಿನಲ್ಲಿ ಮೂರು ದಿನದ ಪ್ರವಾಸ, ಮನೆಮಂದಿಗೆಲ್ಲ! ಹತ್ತು ದಿನಕ್ಕೊಮ್ಮೆ ನೀರು ಕಾಣುವ ಊರಿನವರನ್ನು ಮೂರು ದಿನ ನೀರಿನ ಮೇಲೆ ಇಡುವುದು ಬಹುಮಾನವೋ, ಚೇಷ್ಟೆಯೋ?

ನಿಜ ಹೇಳುತ್ತೇನೆ, ನನಗೂ ಒಳಗೊಳಗೇ ನಡುಕ. ನಾನು ಕಂಡ ಅತಿ ದೊಡ್ಡ ನೀರೆಂದರೆ ಕಾರಂಜಾ ಜಲಾಶಯ, ಅದೂ ಆ ವರ್ಷ ತಳ ತೋರಿಸಿತ್ತು. ಆದರೆ ಓದಿದವಳು ಹೆದರಬಾರದಲ್ಲ! ಹಡಗಿನವರ ಪತ್ರವನ್ನು ಗಟ್ಟಿ ದನಿಯಲ್ಲಿ ಓದಿದೆ. ಮಗುವಿಗೆ ಮಡಚುವ ಸ್ಟ್ರೋಲರ್, ಎಂದರೆ ನಮ್ಮ ಕಡೆಯ ಬಾಬಾಗಾಡಿ, ತರಬಹುದು; ಕೋಣೆಯ ಬಾಗಿಲು ಇಪ್ಪತ್ತೆರಡು ಇಂಚು, ಅದರಲ್ಲಿ ಹಿಡಿಯಬೇಕು.

ಅತ್ತೆ ಕೇಳಿದಳು: "ಹಡಗ ಅಲ್ಲಾಡ್ತದೇನು?"

"ಸ್ವಲ್ಪ ಅಲ್ಲಾಡ್ತದ ಅತ್ತಿ."

"ಅಲ್ಲಾಡೋದರ ಮ್ಯಾಲ ಉರುಳೋದು ಇಡ್ತೀರಿ. ಉರುಳೋದರಾಗ ಕೂಸಿನ್ನ ಇಡ್ತೀರಿ. ಓದಿದವರು ನೀವು."

ಮೂರು ದಿನ ಎತ್ತಿಕೊಂಡೇ ಇರಲು ನನ್ನ ಮಗಳೇನು ಹೂವಿನ ಬುಟ್ಟಿಯೇ? ಹನ್ನೊಂದು ಕಿಲೋ! ಕೊನೆಗೆ ಅತ್ತೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಗಾಡಿಯನ್ನು ಅವಳೇ ಪಾಸು ಮಾಡಬೇಕು. ಅವಳು ಪಾಸು ಮಾಡದಿದ್ದರೆ ಕೂಸು ಮನೆ ಬಿಡುವುದಿಲ್ಲ.

ಸುತಳಿ ದಾರವನ್ನು ಇಪ್ಪತ್ತೆರಡು ಇಂಚಿಗೆ ಕತ್ತರಿಸಿ ಎಲೆ-ಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಮೊದಲು ಅಳತೆಗೆ ಸಿಕ್ಕವರು ನನ್ನ ಗಂಡ. ಅಂಗಿಯ ಮೇಲೆಯೇ ಸುತಳಿ ಹಿಡಿದು, "ಅಳ್ಯಾರ, ನೀವು ಅಡ್ಡ ತಿರುಗಿ ಹೋಗ್ರಿ" ಎಂದಳು.

ಬೀದರಿನ ಅಂಗಡಿಯ ಭಾಯಿ ಐದು ಗಾಡಿ ತೆಗೆದು ನಿಲ್ಲಿಸಿದರು. ಅತ್ತೆ ಒಂದನ್ನೂ ಮುಟ್ಟಲಿಲ್ಲ. ಭಾಯಿಯವರೇ ದೂಡಬೇಕು, ಅವಳು ಗಾಡಿಯ ಮುಂದೆ ನಿಂತು, ಎರಡೂ ಕೈ ಅಗಲಿಸಿ, ಗಾಡಿಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯುತ್ತಾಳೆ, ಕಬಡ್ಡಿಯಲ್ಲಿ ಎದುರಾಳಿಯನ್ನು ಕಾಯುವವರಂತೆ! ರಸ್ತೆಯಲ್ಲಿ ಜನ ನಿಂತು ನೋಡಿದರು. ಕೊನೆಗೆ ಅವಳು, "ಒಂದು ಕೊಡ ನೀರು ತರ್ರಿ. ಗಾಡ್ಯಾಗ ಇಟ್ಟು ದೂಡ್ರಿ. ಹನಿ ಚೆಲ್ಲದಿದ್ದರ ಕೂಸೂ ಬೀಳಂಗಿಲ್ಲ" ಎಂದಳು.

ಭಾಯಿ ಕೈ ಮುಗಿದರು. "ಅಮ್ಮಾ, ಫಿಕರ್ ಮಾಡಬ್ಯಾಡ್ರಿ, ಬೇಕಾದ್ರ ಕೊಡ ತುಂಬ ಹಾಲು ತರಸ್ತೇನಿ. ಈ ವರ್ಷ ನೀರು ಮಾತ್ರ ಕೇಳಬ್ಯಾಡ್ರಿ."

ಐದರಲ್ಲಿ ಒಂದೂ ಪಾಸಾಗಲಿಲ್ಲ. ಭಾಲ್ಕಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಮೂರು ಗಾಲಿಯ ಗಟ್ಟಿಮುಟ್ಟಾದ ಗಾಡಿಯಿತ್ತು. ಅತ್ತೆಗೆ ಮನಸ್ಸಿಗೆ ಬಂತು, ಸುತಳಿಗೆ ಬರಲಿಲ್ಲ. ನಾಲ್ಕು ಬೆರಳು ಅಗಲ ಹೆಚ್ಚು. ಬರಿಗೈಯಲ್ಲಿ ಭಾಲ್ಕಿಯ ಬಸ್‌ ನಿಲ್ದಾಣಕ್ಕೆ ಬಂದರೆ ಅಲ್ಲಿ ಪುಣೆಯ ಬಸ್ಸಿಗೆ ಕಾಯುವ ಕುಟುಂಬಗಳು, ಗಂಟುಮೂಟೆ, ಕೋಳಿ, ಹಂಡೆ. ಒಬ್ಬ ಹೆಣ್ಣುಮಗಳು ಎತ್ತರದ ಗಂಟಿನ ಮೇಲೆ ಕೂಸನ್ನು ಕೂಡಿಸಿ ಬೇರೆ ಕಡೆ ನೋಡುತ್ತಿದ್ದಳು. ಅತ್ತೆ ಓಡಿಹೋಗಿ ಆ ಕೂಸನ್ನು ಕೆಳಗಿಳಿಸಿ ಅವಳ ಸೊಂಟಕ್ಕೆ ಏರಿಸಿದಳು.

"ಗಂಟಿನ ಮ್ಯಾಲ ಕೂಡಸಬ್ಯಾಡ ಯವ್ವಾ. ಬಗಲಾಗ ಇಟ್ಕೋ. ಕೈ ಸೋತರೂ ಇಟ್ಕೋ."

ಆ ಹೆಣ್ಣುಮಗಳು ಬೆರಗಾಗಿ ನೋಡಿದಳು. ನನಗೆ ನಾಚಿಕೆಯಾಯಿತು. ಬೀದರ ಮುಟ್ಟುವವರೆಗೂ ಅತ್ತೆಯ ಹೆಬ್ಬೆರಳು ನನ್ನ ಗದ್ದದ ಮೇಲೆಯೇ ಇತ್ತು.

ಕೊನೆಗೆ ಭಾಯಿಯವರ ಅಂಗಡಿಯಲ್ಲೇ, ನಾಲ್ಕೂ ಗಾಲಿಗೆ ಬ್ರೇಕು ಇರುವ, ಹೊಸದಾಗಿ ಬಂದ ಸಣ್ಣದೊಂದು ಪಾಸಾಯಿತು. ಆದರೆ ಅದರ ಬೆಲ್ಟು "ದಾರದಂಗ ಅದ" ಎಂದು ಅತ್ತೆಯ ತಕರಾರು. ಔರಾದಿನಲ್ಲಿ ಎತ್ತಿನ ಪಟ್ಟಿ ಹೊಲಿಯುವವನೊಬ್ಬ ಅವಳಿಗೆ ಪರಿಚಯ. ಗಾಡಿ ಮನೆಯಲ್ಲೇ ಬಿಟ್ಟು, ಬರೀ ಅಳತೆ ಹಿಡಿದು ಅಲ್ಲಿಗೆ ಹೋದೆವು. ಅವನು ಅಳತೆ ನೋಡಿ, "ಎಷ್ಟು ವಯಸ್ಸಿಂದ್ರಿ?" ಎಂದ.

"ಒಂದೂವರಿ ವರ್ಷ."

"ಇನ್ನಾ ಕರು ಅದ. ಇಷ್ಟು ದಪ್ಪ ಪಟ್ಟಿ ಯಾಕ್ರಿ? ಹಾಯ್ತದೇನು?"

"ಇಲ್ಲ," ಎಂದೆ, "ಇನ್ನೆರಡು ವರ್ಷಕ್ಕ ಅಂಗನವಾಡಿಗೆ ಹೋಗ್ತದ."

ಪಟ್ಟಿ ಬಂತು, ಮನೆಯ ಮುಂದೆ ತಾಲೀಮು ಶುರುವಾಯಿತು. ನಾನು ದೂಡುವುದು, ಅತ್ತೆ ಮುಂದೆ ಕೈ ಅಗಲಿಸಿ ಹಿಮ್ಮುಖ ನಡೆಯುವುದು. ಮಗಳಿಗೆ ಅದೊಂದು ಆಟ. ಒಂದು ದಿನ, "ನೀನೇ ಒಮ್ಮೆ ದೂಡು ಅತ್ತಿ" ಎಂದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

"ಬ್ಯಾಡ. ನನ್ನ ಕೈ ಸರಿ ಇಲ್ಲ."

ವಾತವೆಂದು ನಾನು ಡಾಕ್ಟರ ಹತ್ತಿರ ಕರೆದೊಯ್ದೆ. ಅವರು, "ಎಲ್ಲಿ, ನನ್ನ ಕೈ ಒತ್ತಿ ಹಿಡೀರಿ" ಎಂದರು. ಅತ್ತೆ ಹಿಡಿದಳು. ಡಾಕ್ಟರು ತಮ್ಮ ಕೈಗೇ ಮುಲಾಮು ಹಚ್ಚಿಕೊಂಡರು.

ಹೀಗೆ ಮುಂಬಯಿ ಸೇರಿದೆವು. ಹಡಗು ಕಂಡಿತು. ಅದು ಹಡಗಲ್ಲ, ನೀರಿನ ಮೇಲೆ ನಿಂತ ಊರು. ಹತ್ತಲು ಉದ್ದನೆಯ ಇಳಿಜಾರು ಹಲಗೆ, ಅದರ ಸಂದಿನಲ್ಲಿ ಕೆಳಗೆ ಕಪ್ಪು ನೀರು. ಗಂಡ ಕಾಗದಪತ್ರ ಹಿಡಿದು ಮುಂದೆ ಹೋಗಿಬಿಟ್ಟಿದ್ದರು. ನನ್ನ ಎರಡೂ ಹೆಗಲಿಗೆ ಚೀಲ, ಕೈಯಲ್ಲಿ ಬಾಬಾಗಾಡಿ. ಅತ್ತೆ ಎಂದಿನಂತೆ ಮುಂದೆ ಬಂದು, ಕೈ ಅಗಲಿಸಿ ಹಿಮ್ಮುಖ ಹತ್ತತೊಡಗಿದಳು. ನಾಲ್ಕನೆಯ ಹೆಜ್ಜೆಗೆ ಅವಳ ಹಿಮ್ಮಡಿ ಹಲಗೆಗೆ ಅಡ್ಡ ಬಡಿದ ಮರದ ಪಟ್ಟಿಗೆ ತಾಗಿತು. ಅವಳು ವಾಲಿದಳು, ಕಂಬಿ ಹಿಡಿದಳು. ಸಮವಸ್ತ್ರದವನೊಬ್ಬ ಮೇಲಿನಿಂದ, ಹಾಗೆ ಹತ್ತಬಾರದು ಎಂದು ಹಿಂದಿಯಲ್ಲಿ ಗದರಿದ. ಹಿಂದೆ ಜನ ನಿಂತಿದ್ದರು. ನಾಲ್ಕೂ ಬ್ರೇಕು ಒತ್ತಿ ನಾನೂ ನಿಂತೆ.

ಅತ್ತೆ ಇಳಿದು ಬಂದು ನನ್ನ ಗದ್ದ ಹಿಡಿದಳು. ಹೆಬ್ಬೆರಳು ಕಲೆಯ ಮೇಲೆ ಬಂತು.

"ಕಟ್ಟಿ ಮ್ಯಾಲಿಂದಲ್ಲ ಯವ್ವಾ," ಎಂದಳು. "ಬಂಡಿ ಮ್ಯಾಲಿಂದ."

"ಏನು ಅತ್ತಿ?"

"ನೀ ಇಕಿಯಷ್ಟೇ ಇದ್ದಿ. ಆಗೂ ಹಿಂಗೇ ಬರಗಾಲ. ಊರು ಬಿಟ್ಟು ಉದಗೀರ ಕಡಿ ಹೊಂಟಿದ್ದೆವು. ನಿಮ್ಮಪ್ಪ ಬಂಡಿ ಹೊಡೀತಿದ್ದ, ನಿಮ್ಮವ್ವ ಜ್ವರದಾಗ ಒಳಗ ಮಲಗಿದ್ಲು. ನಿನ್ನ ಗಂಟಿನ ಮ್ಯಾಲ ಕೂಡಿಸಿದಾಕಿ ನಾನು. ಈ ಕೈಲೆ. ಕೂಡಿಸಿ ಎತ್ತಿನ ಮುಂದ ನಡದೆ. ಹಿಂದ ತಿರುಗಿ ನೋಡಲಿಲ್ಲ. ಬಾಳ ದೂರ ಹೋದ ಮ್ಯಾಲ ನೋಡಿದ್ರ ಗಂಟ ಅದ, ನೀ ಇಲ್ಲ."

ನಾನು ಬ್ರೇಕನ್ನು ಇನ್ನೊಮ್ಮೆ ಒತ್ತಿದೆ.

"ಓಡಿ ಬಂದೆ. ದಾರ್ಯಾಗ ಕುಂತಿದ್ದಿ, ಗದ್ದ ತುಂಬ ರಕ್ತ. ನನ್ನ ನೋಡಿ ನಕ್ಕಿ. ಅದನ್ನ ಹ್ಯಾಂಗ ಮರೀಲಿ ಹೇಳು. ಕಟ್ಟಿ ಮ್ಯಾಲಿಂದ ಬಿದ್ದಿ ಅಂತ ನಿನಗ ಸುಳ್ಳ ಹೇಳಿದೆ. ಈ ಕೈಯಾಗ ಕೂಸಿನ ಗಾಡಿ ಕೊಡಬ್ಯಾಡ."

ಇಷ್ಟು ದಿನ ಬೀದರ, ಭಾಲ್ಕಿ, ಔರಾದಿನ ತುಂಬ ನಾನು ನಕ್ಕದ್ದು ಇದಕ್ಕೇ. ನನಗೆ ಅಳು ಬಂತು. ಗದ್ದದ ಮೇಲಿನ ಕೈಯನ್ನು ತೆಗೆದು ಗಾಡಿಯ ಹಿಡಿಯ ಮೇಲೆ ಇಟ್ಟೆ. ಇನ್ನೊಂದನ್ನೂ ಇಟ್ಟೆ.

"ತಿರುಗಿ ಓಡಿ ಬಂದು ನನ್ನ ಎತ್ಕೊಂಡದ್ದೂ ಇದೇ ಕೈ ಅಲ್ಲೇನು? ದೂಡು ಅತ್ತಿ."

ಅವಳು ಸೆರಗಿನ ತುದಿಯನ್ನು ಹಿಡಿಗೆ ಎರಡು ಗಂಟು ಹಾಕಿ ಬಿಗಿದಳು. ಬ್ರೇಕು ಬಿಟ್ಟೆ. ಚೀಲಗಳನ್ನು ಹೆಗಲಿಗೆ ಇನ್ನಷ್ಟು ಏರಿಸಿಕೊಂಡು ನಾನು ಗಾಡಿಯ ಮುಂದೆ ಹೋದೆ. ಎರಡೂ ಕೈ ಅಗಲಿಸಿ, ಅವರಿಗೆ ಮುಖ ಮಾಡಿ, ಒಂದೊಂದೇ ಹೆಜ್ಜೆ ಹಿಮ್ಮುಖ ಹತ್ತಿದೆ. ಸಮವಸ್ತ್ರದವನು ಮತ್ತೆ ಏನೋ ಕೂಗಿದ. ಮಗಳು ಕೈ ತಟ್ಟಿ ನಕ್ಕಳು. ನಾನು ಅತ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.