ಎಂಟು ಕಪ್ಪು ಮಣಿ

ಎಲ್ಲಕ್ಕೂ ಕಾರಣ ‘ಬ್ಯಾಲಟ್’ ಎಂಬ ಪದ. ಅದರ ಚರಿತ್ರೆಯ ಹಸ್ತಪ್ರತಿ ನಿಘಂಟು ಕಚೇರಿಯ ಪ್ರೂಫ್ ರೀಡರ್ ಕೊಂಬುರಾಯರ ಮೇಜಿಗೆ ಬಂದದ್ದು ಬೆಳಿಗ್ಗೆ. ಸಂಜೆ ಐದಕ್ಕೆ ನೌಕರರ ಸಂಘದ ಚುನಾವಣೆ. ಬಿಟ್ಟುಹೋದ ಕೊಂಬು ದೀರ್ಘಗಳನ್ನು ಹೆಕ್ಕಿ ಹೆಕ್ಕಿ ಆ ಹೆಸರು ಗಳಿಸಿದ ರಾಯರು ಮೂರು ವರ್ಷದಿಂದ ಸಂಘದ ಕಾರ್ಯದರ್ಶಿ. ಅಂದರೆ ಫ್ಯಾನು ನಿಂತರೂ ನಲ್ಲಿ ಸೋರಿದರೂ ಬೈಗುಳ ತುಂಬಿಸಿಕೊಳ್ಳುವ ಗೋಣಿಚೀಲ. ಬೇರೆ ಯಾರೂ ನಿಲ್ಲುವುದಿಲ್ಲ. ಎಲ್ಲರೂ ಕೈಯೆತ್ತಿ ಇವರನ್ನೇ ಕೂರಿಸುತ್ತಾರೆ. “ಈ ಸಲಾನೂ ಒಪ್ಕೊಂಡು ಬಂದ್ರೆ ಹಾಸಿಗೆ ಆಫೀಸಿಗೇ ಕಳಿಸ್ತೀನಿ” ಎಂದಿದ್ದರು ಹೆಂಡತಿ.

ಓದುತ್ತಿದ್ದಂತೆ ರಾಯರ ಮುಖ ಹೊಸ ಬಲ್ಬಿನಂತೆ ಬೆಳಗಿತು.

“ಬ್ಯಾಲಟ್ ಅಂದ್ರೆ ಮೊದ್ಲು ಚೀಟಿ ಅಲ್ಲಕ್ಕ, ಪುಟ್ಟ ಗುಂಡು” ಎಂದರು ಟೈಪಿಸ್ಟ್ ಅಕ್ಕನಿಗೆ. “ಇಟಲಿಯೋರು ಗುಟ್ಟಾಗಿ ಪೆಟ್ಟಿಗೇಲಿ ಹಾಕ್ತಿದ್ರಂತೆ. ಇಂಗ್ಲಿಷಿನೋರು ಪದ ಎರವಲು ತಗೊಂಡ್ರು. ಗುಂಡು ಹೋಗಿ ಕಾಗದ ಬಂತು, ಹೆಸರು ಹಾಗೇ ಉಳೀತು. ಬೇಕು ಅನ್ನೋಕೆ ಬಿಳಿ ಗುಂಡು, ಬೇಡ ಅನ್ನೋಕೆ ಕಪ್ಪು. ಇವತ್ತು ನಾವೂ ಹಂಗೇ ಮಾಡೋಣ. ನಂಗೆ ಕಪ್ಪು ಹಾಕಿ, ಪುಣ್ಯ ಬರತ್ತೆ.”

“ಆಗ್ಲಿ. ಬದ್ಲಿಗೆ ನನ್ನ ಹತ್ತು ಪುಟ ತಾಳೆ ನೋಡ್ಕೊಡಿ. ನಿಮ್ಮ ಬ್ಯಾಲಟ್ ಪುಟ ನಾನು ಟೈಪ್ ಮಾಡಿಡ್ತೀನಿ.”

ಬೈಂಡರ್ ಮಾವ ತಮ್ಮ ಹಾಳೆಗಳ ರಾಶಿ ಮುಂದೆ ತಳ್ಳಿದರು. “ಕಪ್ಪೇ ಹಾಕ್ತೀನಪ್ಪ. ಇಷ್ಟು ಮಡಿಸ್ಕೊಡು.”

ಹೀಗೆ ಎಂಟು ಮತಕ್ಕೆ ಎಂಟು ಚಾಕರಿ. ಐದಕ್ಕೆ ಐದು ನಿಮಿಷವಿದ್ದಾಗ ರಾಯರು ತಮ್ಮ ಮೇಜಿಗೆ ಓಡಿ, ಟೈಪಾದ ಪುಟದ ಕೆಳಗೆ ‘ತಾಳೆ ನೋಡಲಾಗಿದೆ’ ಎಂದು ಸಹಿ ಜಡಿದರು. ಓದುವಷ್ಟು ಪುರುಸೊತ್ತು ಎಲ್ಲಿ?

ಉಗ್ರಾಣದಲ್ಲಿದ್ದ, ಲೆಕ್ಕ ಎಣಿಸುವ ಮುರುಕು ಮಣಿಚೌಕಟ್ಟಿನ ಕಪ್ಪು ಬಿಳಿ ಮಣಿಗಳೇ ಗುಂಡುಗಳಾದವು, ಚಹಾ ಡಬ್ಬಿ ಮತಪೆಟ್ಟಿಗೆಯಾಯಿತು. ಚುನಾವಣೆ ನಡೆಸುತ್ತಿದ್ದ ನಿಘಂಟಿನ ಸಂಪಾದಕರು ಡಬ್ಬಿ ಬೋರಲು ಹಾಕಿದರು. ಎಂಟೂ ಕಪ್ಪು. ರಾಯರು ಮೂರು ವರ್ಷದ ಉಸಿರನ್ನು ಒಟ್ಟಿಗೇ ಬಿಟ್ಟರು.

“ಕಪ್ಪು ಅಂದ್ರೆ ಬೇಕೂಂತಲೋ, ಬೇಡಾಂತಲೋ?” ಎಂದರು ಸಂಪಾದಕರು. ಆ ಕಚೇರಿಯಲ್ಲಿ ಯಾವ ತಕರಾರಿಗೂ ಸಹಿಯಾದ ಪುಟವೇ ಕೊನೆಯ ಮಾತು. ರಾಯರ ಸಹಿಯಿದ್ದ ಬ್ಯಾಲಟ್ ಪುಟ ತರಿಸಿ, ಕನ್ನಡಕ ಏರಿಸಿ ಓದಿದರು: “‘ಒಪ್ಪಿಗೆಗೆ ಕಪ್ಪು ಗುಂಡು, ನಿರಾಕರಣೆಗೆ ಬಿಳಿ.’ ಓಹೋ, ಸರ್ವಾನುಮತ.”

“ಸಾರ್, ಅದು ಅದಲುಬದಲಾಗಿದೆ...”

“ಹಂಗಾದ್ರೆ ಓದ್ದೆ ಸಹಿ ಹಾಕಿದ್ರಾ?”

ಇಪ್ಪತ್ತೆರಡು ವರ್ಷದ ನೌಕರಿ ರಾಯರ ಕಣ್ಮುಂದೆ ಹಾದುಹೋಯಿತು. “ಇಲ್ಲ ಸಾರ್. ಓದೇ ಹಾಕಿದ್ದು. ಕಪ್ಪಂದ್ರೆ ಒಪ್ಪಿಗೆ.”

ಚಪ್ಪಾಳೆ ಬಿತ್ತು. ಟೈಪಿಸ್ಟ್ ಅಕ್ಕ ಪಕ್ಕಕ್ಕೆ ಬಂದರು. “ನಾನು ಕೊಟ್ಟ ಮಾತು ಉಳಿಸ್ಕೊಂಡೆ, ಕಪ್ಪೇ ಹಾಕ್ದೆ. ಅಂದ್ಹಾಗೆ ಕಾರ್ಯದರ್ಶಿಗಳೇ, ನನ್ನ ಫ್ಯಾನು ತಿರುಗ್ತಿಲ್ಲ.”

ರಾಯರು ಮನೆಗೆ ಫೋನ್ ಮಾಡಿದರು. “ಹಾಸಿಗೆ ಜೊತೆ ದಿಂಬೂ ಕಳಿಸು.”