ಹತ್ತೊಂಬತ್ತನೇ ಏಟಿಗೆ ತೇಲಿದ ಹಪ್ಪಳ

ತುಳಸಿಗೆ ನೀರೆರೆದು ಮೂರು ಸುತ್ತು ಬರದೆ ದಿನಕರ ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ಚಹಾ ಮುಟ್ಟಿದವನಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಸುತ್ತಿದ್ದಾನೆ. ಆದರೆ ಆ ಭಾನುವಾರ ಎರಡನೇ ಸುತ್ತಿನಲ್ಲೇ ಅವನ ಹೆಬ್ಬೆರಳುಗಳು ಗಾಳಿಯಲ್ಲಿ ಗುಂಡಿ ಒತ್ತುತ್ತಿದ್ದವು.

ಕಾರಣ, ಹಾಲ್‌ನಲ್ಲಿ ಟಿವಿಯ ಕೆಳಗೆ ಕೂತಿದ್ದ ಕರಿ ಪೆಟ್ಟಿಗೆ. ಹೊನ್ನಾವರದಿಂದ ದಿನಾ ಬಸ್ಸು ಹಿಡಿದು ಭಟ್ಕಳದ ಟೈಲ್ಸ್ ಅಂಗಡಿಗೆ ಹೋಗಿಬರುವ ದಿನಕರ ನಲವತ್ತೈದರಲ್ಲಿ ವಿಡಿಯೋ ಗೇಮಿಗೆ ಬಿದ್ದಿದ್ದ. ಕುಮಟೆಯಲ್ಲಿರುವ ಹೆಂಡತಿಯ ತಮ್ಮ ಮಂಜುವಿಗೂ ಅದೇ ರೋಗ. ಇಬ್ಬರಿಗೂ ಒಂದು ತಿಂಗಳಿಂದ ಫೋನಿನಲ್ಲಿ ಮಹಾಯುದ್ಧ: ಕಾಂಬೋ, ಅಂದರೆ ಏಟಿನ ಮೇಲೆ ಏಟಿನ ಸರಣಿ, ಹೇಗಿರಬೇಕು?

ಮಂಜುವಿನ ಆಟದಲ್ಲಿ ಎರಡು ಗುದ್ದು, ಒಂದು ಕತ್ತಿಯೇಟು, ಕೊನೆಗೊಂದು ಒದೆ. ಕ್ರಮ ತಪ್ಪುವಂತಿಲ್ಲ, ಒಂದು ಏಟು ಪೂರ್ತಿಯಾಗದೆ ಇನ್ನೊಂದು ಏಳುವುದಿಲ್ಲ. ದಿನಕರನ ಆಟದಲ್ಲಿ ಬೀಸುತ್ತಿರುವ ಕತ್ತಿಯನ್ನು ಅರ್ಧಕ್ಕೇ ಕಡಿದು ನೆಗೆಯಬಹುದು, ನೆಗೆತವನ್ನು ಕಡಿದು ಗುದ್ದಬಹುದು. ಎರಡರಲ್ಲೂ ತೆರೆಯ ಮೂಲೆಯಲ್ಲಿ ಏಟುಗಳ ಎಣಿಕೆ ಏರುತ್ತ ಹೋಗುತ್ತದೆ. ನಡುವೆ ಕೈ ನಿಂತರೆ ಸೊನ್ನೆ.

“ಮಂಜುದು ಬರೇ ಬಾಯಿಪಾಠ. ನಂದು ವಿದ್ಯೆ” ಎಂದು ದಿನಕರ ತುಳಸಿಯ ಎದುರೇ ಘೋಷಿಸಿದ. ಆ ವಿದ್ಯೆಯಲ್ಲಿ ಅಡುಗೆಯನ್ನೂ ಅರ್ಧ ಹೊತ್ತಿನಲ್ಲಿ ಮುಗಿಸಬಹುದಂತೆ!

ಹೆಂಡತಿ ಮಾದೇವಿ ಕೈಗೆ ಅಂಟಿದ ಹಲಸಿನ ಮೇಣ ಒರೆಸಿಕೊಳ್ಳುತ್ತಾ ಕೇಳಿದಳು. “ದೇವ್ರ ಸುತ್ತು ಅರ್ಧಕ್ಕೆ ಬಿಡೂದಿಲ್ಲ ನೀವು. ಒಲೆ ಮುಂದೆ ಎಂತಕ್ಕೆ ಬಿಡೂದು?”

ಪಂಥ ಅಲ್ಲೇ ಏರ್ಪಟ್ಟಿತು. ಮಧ್ಯಾಹ್ನ ಮಂಜು ಊಟಕ್ಕೆ ಬರುವವನಿದ್ದ. ದಿನಕರ ಒಬ್ಬನೇ ಅಡುಗೆ ಮಾಡಿ, ಗಡಿಯಾರ ಒಂದು ಹೊಡೆಯುವುದರೊಳಗೆ ಎಲೆಗೆ ಅನ್ನ ಬಡಿಸಿದರೆ ಪೆಟ್ಟಿಗೆ ಹಾಲ್‌ನಲ್ಲೇ ಇರುತ್ತದೆ. ಇಲ್ಲದಿದ್ದರೆ ಮಳೆಗಾಲ ಮುಗಿಯುವವರೆಗೆ ಅಟ್ಟಕ್ಕೆ. ಮಾದೇವಿ ಪಕ್ಕದ ಮನೆಗೆ, ಹೊನ್ನಮ್ಮನ ಹಲಸಿನ ಹಪ್ಪಳ ಒತ್ತಲು ಹೊರಟುಹೋದಳು. ಹೊನ್ನಮ್ಮನದು ಹಂಚಿನ ಮನೆ. ಬೆಳಗಿನಿಂದ ಒತ್ತಿದ್ದೆಲ್ಲ ಒಣಗುತ್ತಿದ್ದುದು ದಿನಕರನ ತಾರಸಿಯಲ್ಲಿ.

ಹನ್ನೊಂದಕ್ಕೆ ಯುದ್ಧಾರಂಭ! ತಾರಸಿಯ ಟ್ಯಾಂಕಿಗೆ ನೀರೇರಿಸಲು ಪಂಪಿನ ಗುಂಡಿ ಒತ್ತಿದ: ಒಂದು. ಕುಕ್ಕರಿಗೆ ಬೇಳೆ: ಎರಡು. ಒಂದೇ ಕೂಗಿಗೆ ಅದನ್ನು ಇಳಿಸಿ ಕಾಯಿ ತುರಿಯಲು ಕೂತ: ಮೂರು. ಹೋಳು ಅರ್ಧ ತುರಿಯುವಷ್ಟರಲ್ಲೇ ಎದ್ದು ಸೌತೆ ಹೆಚ್ಚಿದ, ಅದನ್ನು ಬಿಟ್ಟು ಮಿಕ್ಸರ್ ತಿರುಗಿಸಿದ, ಅದನ್ನು ಬಿಟ್ಟು ಸಾರಿಗೆ ಉಪ್ಪು ಹಾಕಿದ. ನಿಂತಲ್ಲಿ ನಿಲ್ಲಲಾರ, ಒಂದು ಕಾಲು ಅಡುಗೆಮನೆಯಲ್ಲಿ, ಒಂದು ಹಿತ್ತಲಲ್ಲಿ. ಗಡಿಯಾರ ನೋಡಿದ, ಬೆವರು ಒರೆಸಿದ, ಮತ್ತೆ ಗಡಿಯಾರ ನೋಡಿದ. ಉಪ್ಪು ಹಾಕಿದ್ದು ನೆನಪಾಗದೆ ಇನ್ನೊಮ್ಮೆ ಹಾಕಿ, ಅದನ್ನೂ ಎಣಿಕೆಗೆ ಸೇರಿಸಿಕೊಂಡ. ಹನ್ನೆರಡೂವರೆಗೆ ಎಣಿಕೆ ಹದಿನೆಂಟು. ಒಂದು ಕೆಲಸವೂ ಮುಗಿದಿರಲಿಲ್ಲ ಎಂಬುದು ಬೇರೆ ಮಾತು.

ಹತ್ತೊಂಬತ್ತು ಎನ್ನುತ್ತ ಕೊತ್ತಂಬರಿಗೆ ಕೈ ಹಾಕಿದಾಗ ಕಿಟಕಿಯ ಹೊರಗೆ ಧೋ ಎಂದು ನೀರು ಸುರಿಯಿತು. ಮೇ ತಿಂಗಳಲ್ಲಿ ಮಳೆಯೇ ಎಂದು ತಲೆಯೆತ್ತಿದರೆ ಬಿಸಿಲು ಹಾಗೇ ಇದೆ. ಮೇಲಿನಿಂದ ಮೆತ್ತನೆಯ ಹಪ್ಪಳವೊಂದು ಇಳಿದು ಬಂದು ಕಿಟಕಿಯ ಸರಳಿಗೆ ಅಂಟಿಕೊಂಡಿತು. ಅದರ ಹಿಂದೆ ಇನ್ನೊಂದು.

ಪಂಪು! ಮೊದಲನೇ ಏಟು ಇನ್ನೂ ಬೀಳುತ್ತಲೇ ಇತ್ತು.

ದಿನಕರ ಮೆಟ್ಟಿಲು ಹಾರಿ ತಾರಸಿಗೆ ಓಡಿದ. ನೀರಿನಲ್ಲಿ ಜಾರಿ, ಒದ್ದೆಯಾಗದೆ ಉಳಿದಿದ್ದ ಒಂದೇ ಒಂದು ಸಾಲಿನ ಮೇಲೆ ಕುಕ್ಕರಿಸಿದ. ಸದ್ದು ಕೇಳಿ ಮಾದೇವಿಯೂ ಹೊನ್ನಮ್ಮನೂ ಹತ್ತಿ ಬಂದರು. ಮಳೆಗಾಲಕ್ಕೆಂದು ಒತ್ತಿದ ಹಪ್ಪಳವೆಲ್ಲ ತೇಲುತ್ತಿತ್ತು. ಹೊನ್ನಮ್ಮ ಬೈಯಲಿಲ್ಲ.

“ತಮ್ಮಾ, ಏಳೂದು ಆಮೇಲಾತು. ಕೆಳಗೆ ಪಂಪು ಬಂದ್ ಮಾಡಿ ಬಂದ್ಯಾ?”

ಮಾಡಿರಲಿಲ್ಲ. ಅದನ್ನೂ ಅರ್ಧಕ್ಕೆ ಬಿಟ್ಟು ಬಂದಿದ್ದ.

ಸರಿಯಾಗಿ ಒಂದಕ್ಕೆ ಮಂಜು ಬಂದ. ಬೇಳೆ ಹರಳಿನಂತಿತ್ತು, ಸಾರು ಸಮುದ್ರದಂತಿತ್ತು, ಅಕ್ಕಿ ಇನ್ನೂ ಡಬ್ಬಿಯಲ್ಲೇ ಇತ್ತು. ಎಲ್ಲರೂ ಹೊನ್ನಮ್ಮನ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ ಉಂಡರು. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದವನು ಮಂಜುವೇ. ಏಣಿಯ ಮೇಲಿಂದ ಕೇಳಿದ: “ಬಾವ, ನಿಮ್ಮ ಆಟದಲ್ಲಿ ಕಡಿಯೂಕೆ ಮಾತ್ರ ಕಲಿಸ್ತ್ರಾ, ಮುಗಿಸೂಕೂ ಕಲಿಸ್ತ್ರಾ?”

ಹೊನ್ನಮ್ಮನ ಪಾತ್ರೆಯಲ್ಲಿ ಇನ್ನೂ ಅರ್ಧ ಹಿಟ್ಟು ಉಳಿದಿತ್ತು. ದಿನಕರನೇ ಹೋಗಿ ಮಣೆಯ ಮುಂದೆ ಕೂತ. ಉಂಡೆ ಇಡಬೇಕು, ಪ್ಲಾಸ್ಟಿಕ್ ಹಾಳೆ ಮುಚ್ಚಬೇಕು, ಮಣೆಯಿಂದ ಒತ್ತಬೇಕು, ಅಂಚಿನಿಂದ ಬಿಡಿಸಿ ಚಾಪೆಗೆ ಹಾಕಬೇಕು. ಅವಸರದಲ್ಲಿ ಎತ್ತಿದ ಮೊದಲ ಐದೂ ಹರಿದವು. ಪೂರ್ತಿ ಒತ್ತಿದ ಮೇಲೆ ಎತ್ತು ಎಂದು ಹೊನ್ನಮ್ಮ ತಾಳ್ಮೆಯಿಂದ ಐದು ಸಲ ಹೇಳಿದಳು. ನಾಲ್ಕು ಗಂಟೆಯ ಹೊತ್ತಿಗೆ ಅವನ ಕಾಲು ಇನ್ನೂ ಕುಣಿಯುತ್ತಿತ್ತು, ಕೈ ಮಾತ್ರ ಒಂದೇ ಲಯಕ್ಕೆ ಬಂದಿತ್ತು.

ನೋಡಿ ನೋಡಿ ಮಂಜುವಿಗೇ ಕನಿಕರ ಬಂತು. “ಏಳಿ ಬಾವ, ಸಾಕು. ಉಳಿದದ್ದು ನಾ ಒತ್ತಿಕೊಡ್ತೆ. ಅಕ್ಕನ ಹತ್ರ ಹೇಳಿ ಪೆಟ್ಟಿಗೇನೂ ಕೆಳಗೆ ಇಳಿಸಿಕೊಡ್ತೆ.”

ದಿನಕರ ತಲೆಯೆತ್ತಲಿಲ್ಲ.

“ಬೇಡ ಮಾರಾಯ, ಮಾತಾಡಿಸ್ಬೇಡ. ಸಾಲಾಗಿ ಮೂವತ್ತೇಳಾತು, ಒಂದೂ ಹರೀಲಿಲ್ಲ. ಈಗ ಕೈ ನಿಂತ್ರೆ ಸೊನ್ನೆ.”